ನೆರೆ

‘ನೆರೆ’ ಎಂದರೆ ಪಕ್ಕ: ನೆರೆಮನೆ, ನೆರೆಹೊರೆ. ಕೂಡುವುದೂ ಹೌದು, ಜಾತ್ರೆಗೆ ಜನ ನೆರೆಯುತ್ತಾರೆ. ಹೊಳೆ ಉಕ್ಕಿದರೂ ನೆರೆಯೇ, ತಲೆ ಬೆಳ್ಳಗಾದರೂ ನೆರೆಗೂದಲೇ.

ಉಪಗ್ರಹ ವಿಜ್ಞಾನದ ‘ಅಡ್ಜೇಸೆನ್ಸಿ ಎಫೆಕ್ಟ್’ಗೆ ‘ನೆರೆ ಪರಿಣಾಮ’ ಚೆನ್ನಾಗಿ ಒಪ್ಪುತ್ತದೆ, ಪ್ರವಾಹದ ಸುದ್ದಿಯೆಂದು ಯಾರೂ ಗಾಬರಿಯಾಗದಿದ್ದರೆ!

ಬೆಂಗಳೂರಿನ ಅಂಜನಾಪುರ ಕೆರೆಯನ್ನೇ ನೋಡಿ. ಸಮೀಪ ಅವಕೆಂಪು ಬೆಳಕನ್ನು ತಿಳಿನೀರು ಬಹುಪಾಲು ಹೀರಿಕೊಳ್ಳುತ್ತದೆ. ದಂಡೆಯ ಗಿಡಮರಗಳು ಧಾರಾಳವಾಗಿ ಪ್ರತಿಫಲಿಸುತ್ತವೆ. ಆ ಬೆಳಕು ಗಾಳಿಯಲ್ಲಿ ಚದುರಿ, ಕೆರೆಯದೆಂದು ಉಪಗ್ರಹ ಅಳೆಯುವ ಬೆಳಕಿನೊಳಗೆ ಬೆರೆಯುತ್ತದೆ. ಸೆಂಟಿನೆಲ್-2 ಉಪಗ್ರಹದ ಪಿಕ್ಸೆಲ್ 10 ಮೀಟರಿನಷ್ಟು ಚಿಕ್ಕದಾದರೂ ಈ ಬೆರಕೆ ಕಿಲೋಮೀಟರು ದೂರದಿಂದಲೂ ಬರಬಲ್ಲದು. ಹಾಗಾಗಿ ನಗರದ ಸಣ್ಣ ಕೆರೆಯ ನಡುನೀರಿಗೂ ಬಿಡುಗಡೆಯಿಲ್ಲ. ಇಲ್ಲದ ಪಾಚಿಯೂ ಕಂಡೀತು.

ಬೆಲ್ಜಿಯಂನ ವಿಜ್ಞಾನಿಗಳ ‘ಸಿಮೆಕ್’ ವಿಧಾನವು ಸಮೀಪ ಅವಕೆಂಪಿನಲ್ಲಿ ನೀರಿಗಿರಬೇಕಾದ ವರ್ಣಲಕ್ಷಣದೊಂದಿಗೆ ಅಳತೆಯನ್ನು ಹೋಲಿಸಿ, ನೆರೆಯ ಪಾಲನ್ನು ಅಂದಾಜಿಸಿ ಕಳೆಯುತ್ತದೆ.