ಮೂವತ್ತೈದು ಅಂಕದ ಹೊಸ್ತಿಲು



ಇತ್ತೀಚೆಗೆ ಮುಂಡರಗಿಯ ಬಸ್ ನಿಲ್ದಾಣದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ನಮಸ್ಕರಿಸಿ, "ಸರ್, ನಿಮ್ಮ ಇಂಗ್ಲಿಷ್ ಪೇಪರಿಗೆ ಅಂಜಿದಷ್ಟು ನಾವು ಹಾವಿಗೂ ಅಂಜಿಲ್ರಿ" ಎಂದು ನಕ್ಕ. ಅವನು ಎಸ್.ಎಸ್.ಎಲ್.ಸಿ. ಇಂಗ್ಲಿಷಿನಲ್ಲಿ ಎರಡು ಸಲ ನಪಾಸಾಗಿ ಶಾಲೆ ಬಿಟ್ಟವನು. ಅವನ ನಗು ನನ್ನನ್ನು ಮನೆಯವರೆಗೂ ಹಿಂಬಾಲಿಸಿತು. ಈ ಪರೀಕ್ಷೆ ನಮ್ಮ ನಾಡಿಗೆ ಹೇಗೆ ಬಂದಿತೆಂಬುದನ್ನು ಬರೆಯಬೇಕೆನಿಸಿತು.

ಸ್ವಾತಂತ್ರ್ಯಪೂರ್ವದಲ್ಲಿ ನಮ್ಮ ಈ ನಾಲ್ಕು ಊರುಗಳು ಒಂದೇ ಆಡಳಿತದಲ್ಲಿರಲಿಲ್ಲ. ಗದಗ-ಬೆಟಗೇರಿ ಮತ್ತು ಮುಂಡರಗಿಗಳು ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ. ದೊರೆಗಳು ಬೇರೆಯಾದರೂ ಕಾಲೇಜು ಸೇರಬಯಸುವ ಹುಡುಗನು ದಾಟಬೇಕಾದ ಹೊಸ್ತಿಲು ಒಂದೇ ಆಗಿತ್ತು: ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಶನ್. ವಿಶ್ವವಿದ್ಯಾಲಯ 1857ರಲ್ಲಿ ಸ್ಥಾಪನೆಯಾಯಿತು. ಮೊದಲ ಮೆಟ್ರಿಕ್ ಪರೀಕ್ಷೆ 1859ರಲ್ಲಿ ನಡೆಯಿತು. ಅದರಲ್ಲಿ ಉತ್ತೀರ್ಣರಾದವರಲ್ಲಿ ಮಹಾದೇವ ಗೋವಿಂದ ರಾನಡೆಯವರೂ ಒಬ್ಬರು. ಕನ್ನಡ ಶಾಲೆಯ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನಿಗೆ ಮಾಸ್ತರಿಕೆಯೋ ತಲಾಟಿ ಕೆಲಸವೋ ಸಿಗುತ್ತಿತ್ತು. ಅದಕ್ಕಿಂತ ಮೇಲೇರಬೇಕೆಂದರೆ ಇಂಗ್ಲಿಷ್ ಬೇಕೇಬೇಕಾಗಿತ್ತು.

1948ರಲ್ಲಿ ಎರಡು ಬದಲಾವಣೆಗಳಾದವು. ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. ಅದೇ ಕಾಲಕ್ಕೆ ಬಾಳಾಸಾಹೇಬ ಖೇರರ ಸರಕಾರವು ಐದು, ಆರು, ಏಳನೆಯ ಇಯತ್ತೆಗಳಿಂದ ಇಂಗ್ಲಿಷನ್ನು ತೆಗೆದು, ಎಂಟನೆಯ ಇಯತ್ತೆಯಿಂದ ಕಲಿಸಬೇಕೆಂದು ಗೊತ್ತುಪಡಿಸಿತು. ಮೆಟ್ರಿಕ್ಕಿನ ಜಾಗಕ್ಕೆ ಎಸ್.ಎಸ್.ಸಿ. ಬಂದಿತು. ಮಾತೃಭಾಷೆಯ ಮೇಲಿನ ಪ್ರೀತಿಯಿಂದ ಕೈಗೊಂಡ ನಿರ್ಧಾರವದು. ಆದರೆ ಕಾಲೇಜುಗಳ ಭಾಷೆ ಮಾತ್ರ ಇಂಗ್ಲಿಷೇ ಆಗಿ ಉಳಿಯಿತು. ಏಣಿಯ ಕೆಳಗಿನ ಮೆಟ್ಟಿಲುಗಳನ್ನು ಕಿತ್ತು ಅಟ್ಟವನ್ನು ಇದ್ದಲ್ಲೇ ಇರಿಸಿದಂತಾಯಿತು.

1956ರ ಏಕೀಕರಣದ ತರುವಾಯ ಐದನೆಯ ಇಯತ್ತೆಯಿಂದ ಇಂಗ್ಲಿಷ್ ಕಲಿಸುವ ಕ್ರಮ ನಮ್ಮಲ್ಲಿ ನೆಲೆಗೊಂಡಿತು. 1963ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು. ಯಾವ ತರಗತಿಗೆ ಯಾವ ವಾಕ್ಯರಚನೆ, ಎಷ್ಟು ಶಬ್ದ ಎಂಬ ಶ್ರೇಣಿಯೇ ಆಗಿನ ಪಾಠಕ್ರಮದ ಜೀವಾಳ. ಪರೀಕ್ಷೆಯೂ ಅದನ್ನೇ ಅಳೆಯುತ್ತಿತ್ತು: ಬಿಟ್ಟ ಸ್ಥಳ ತುಂಬಿರಿ, ಕರ್ತರಿಯನ್ನು ಕರ್ಮಣಿಗೆ ಬದಲಾಯಿಸಿರಿ.

ಇದನ್ನು ಪ್ರಶ್ನಿಸಿದ ಪ್ರಯೋಗವೂ ಬೆಂಗಳೂರಿನಲ್ಲೇ ಹುಟ್ಟಿತೆಂಬುದು ನಮಗೆ ಹೆಮ್ಮೆಯ ಸಂಗತಿ. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ವ್ಯಾಕರಣದ ಪಾಠ ಬಿಟ್ಟು, ನಕಾಶೆ, ರೈಲಿನ ವೇಳಾಪಟ್ಟಿ ಮುಂತಾದವುಗಳನ್ನು ಬಿಡಿಸುವ ಕೆಲಸಗಳ ಮೂಲಕ ಇಂಗ್ಲಿಷ್ ಕಲಿಸಿದರು. ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ ಎಂಬ ವಿದ್ವಾಂಸರು ಇದರ ಮೌಲ್ಯಮಾಪನ ಮಾಡಿ 1985ರಲ್ಲಿ ಪ್ರಕಟಿಸಿದರು. ವಾಕ್ಯರಚನೆಯ ಪರೀಕ್ಷೆಯಲ್ಲಿ ರೂಢಿಯ ತರಗತಿಗಳ ಮಕ್ಕಳು ಮುಂದಿದ್ದರು. ಕೆಲಸ ಬಿಡಿಸುವ ಪರೀಕ್ಷೆಯಲ್ಲಿ ಪ್ರಯೋಗದ ಮಕ್ಕಳು ಮುಂದಿದ್ದರು. ಅಂದರೆ ಅಳತೆಗೋಲು ಬದಲಾದಂತೆ ಜಾಣನೂ ಬದಲಾಗುತ್ತಾನೆ!

ಈಗ ಆ ವಿದ್ಯಾರ್ಥಿಯ ಮಾತಿಗೆ ಬರುತ್ತೇನೆ. ಅವನ ಹಳ್ಳಿಯಲ್ಲಿ ಇಂಗ್ಲಿಷ್ ಶಿಕ್ಷಕರಿರಲಿಲ್ಲ. ಎಂಟನೆಯ ತರಗತಿಗೆ ನನ್ನಲ್ಲಿಗೆ ಬಂದಾಗ ಅಕ್ಷರಗಳನ್ನು ಕೂಡಿಸಿ ಓದುವುದೇ ಅವನಿಗೆ ಕಷ್ಟವಾಗಿತ್ತು. ಪೇಟೆಯ ಮಕ್ಕಳಿಗೆ ಕೊಟ್ಟ ಪ್ರಶ್ನೆಪತ್ರಿಕೆಯನ್ನೇ ಅವನಿಗೂ ಕೊಟ್ಟೆ. ನೂರಕ್ಕೆ ಹನ್ನೊಂದು ಹಾಕಿ, ಕೆಳಗೆ ಕೆಂಪು ಗೆರೆ ಎಳೆದೆ. ಆ ಹನ್ನೊಂದು ಅಂಕಗಳನ್ನು ಅವನು ಎಲ್ಲಿಂದ ಗಳಿಸಿದನೆಂದು ನೋಡಲಿಲ್ಲ. ನೋಡಿದ್ದರೆ ಅವನಿಗೆ ಶಬ್ದಗಳು ತಿಳಿದಿದ್ದವು, ವ್ಯಾಕರಣವಷ್ಟೇ ತಿಳಿದಿರಲಿಲ್ಲವೆಂಬುದು ಕಾಣುತ್ತಿತ್ತು. ಪಾಠವನ್ನು ಅಲ್ಲಿಂದಲೇ ಆರಂಭಿಸಬಹುದಾಗಿತ್ತು.

ಇಂದು ಅವನದೊಂದು ಗೊಬ್ಬರ, ಕ್ರಿಮಿನಾಶಕಗಳ ಅಂಗಡಿಯಿದೆ. ಬಾಟಲಿಯ ಮೇಲಿನ ಇಂಗ್ಲಿಷ್ ಸೂಚನೆಯನ್ನು ಓದಿ, ಒಂದು ಕೊಡ ನೀರಿಗೆ ಎಷ್ಟು ಔಷಧವೆಂದು ರೈತರಿಗೆ ಬಿಡಿಸಿ ಹೇಳುತ್ತಾನೆ. ಅಲ್ಲಿ ಒಂದು ಶಬ್ದ ತಪ್ಪಿದರೆ ಬೆಳೆ ಹೋಗುತ್ತದೆ, ಜೀವವೂ ಹೋದೀತು. ಆ ಪರೀಕ್ಷೆಯಲ್ಲಿ ಅವನು ದಿನವೂ ಪಾಸಾಗುತ್ತಿದ್ದಾನೆ.

ಸೇವೆಯ ಕೊನೆಯ ವರ್ಷಗಳಲ್ಲಿ ನಾನು ಎಂಟನೆಯ ತರಗತಿಯ ಮೊದಲ ವಾರವೇ ಅಂಕವಿಲ್ಲದ ಒಂದು ಚಿಕ್ಕ ಪರೀಕ್ಷೆ ಕೊಡುತ್ತಿದ್ದೆ. ಮೊದಲು ಚಿತ್ರಕ್ಕೆ ಶಬ್ದ, ಅನಂತರ ಶಬ್ದಗಳನ್ನು ಜೋಡಿಸಿ ವಾಕ್ಯ, ಕೊನೆಗೆ ಸ್ವಂತ ಮಾತಿನಲ್ಲಿ ನಾಲ್ಕು ಸಾಲು. ಯಾರು ಯಾವ ಮೆಟ್ಟಿಲಲ್ಲಿ ನಿಂತಿದ್ದಾರೆಂದು ತಿಳಿಯಲು ಅಷ್ಟು ಸಾಕಾಗುತ್ತಿತ್ತು. ಈ ಬುದ್ಧಿ ನನಗೆ ತಡವಾಗಿ ಬಂದಿತು.

ರಾಜ್ಯದಲ್ಲಿ 2007ರಿಂದ ಒಂದನೆಯ ತರಗತಿಗೇ ಇಂಗ್ಲಿಷ್ ಬಂದಿದೆ. ನಿಮ್ಮಲ್ಲಿ ಅನೇಕರು ಈಗ ಶಿಕ್ಷಕರಾಗಿದ್ದೀರಿ. ಉತ್ತರಪತ್ರಿಕೆ ತಿದ್ದುವಾಗ ಮಗುವಿಗೆ ಬಾರದ್ದನ್ನು ಎಣಿಸುವ ಮೊದಲು ಬಂದದ್ದನ್ನು ಎಣಿಸಿರಿ. ನಿಮ್ಮ ಗುರುವು ಮಾಡಿದ ತಪ್ಪನ್ನು ನೀವು ಮಾಡಬೇಡಿರಿ.