ಉಪನೇತ್ರದಾನ: ಕ್ರೈಸ್ತ ಸ್ವಯಂಸೇವಕರು ಪರದೇಶಗಳಲ್ಲಿ ನಡೆಸಿದ ದೃಷ್ಟಿಸೇವೆಯ ಪೂರ್ವೋತ್ತರ

ಕ್ರಿ.ಶ. 1306ನೆಯ ಇಸವಿ ಫೆಬ್ರವರಿ 23ನೆಯ ದಿನ ಇಟಲಿಯ ಫ್ಲಾರೆನ್ಸ್ ನಗರದ ಸಾಂತಾ ಮರಿಯಾ ನೊವೆಲ್ಲಾ ಇಗರ್ಜಿಯಲ್ಲಿ ಜೊರ್ದಾನೋ ಎಂಬ ಡೊಮಿನಿಕನ್ ಪಂಥದ ಸನ್ಯಾಸಿಯು ಧರ್ಮೋಪದೇಶ ಮಾಡುತ್ತಿರುವಾಗ, ಪ್ರಸಂಗವಶಾತ್ ಒಂದು ಲೌಕಿಕ ವಿಷಯವನ್ನೂ ಎತ್ತಿದನು. ಕಣ್ಣಿಗೆ ನೆರವಾಗುವ ಗಾಜುಗಳನ್ನು ಮಾಡುವ ವಿದ್ಯೆ ಹುಟ್ಟಿ ಇನ್ನೂ ಇಪ್ಪತ್ತು ವರ್ಷ ತುಂಬಿಲ್ಲವೆಂದೂ, ಅದನ್ನು ಮೊದಲು ಮಾಡಿದವನನ್ನು ತಾನು ಕಂಡು ಮಾತನಾಡಿರುವೆನೆಂದೂ ಅವನು ಹೇಳಿದನು. ಕನ್ನಡಕದ ಉತ್ಪತ್ತಿಕಾಲವನ್ನು ನಿರ್ಣಯಿಸುವುದಕ್ಕೆ ಈ ಉಪದೇಶವಾಕ್ಯವೇ ಇಂದಿಗೂ ಮುಖ್ಯ ಪ್ರಮಾಣವಾಗಿರುವುದು. ಇದರಿಂದ ಆ ಕಾಲವು ಸುಮಾರು 1286 ಎಂದು ಸಿದ್ಧವಾಗುತ್ತದೆ.

ಆ ಮೊದಲ ಶಿಲ್ಪಿಯ ಹೆಸರು ಉಳಿದಿಲ್ಲ. ಆದರೆ ಪೀಸಾ ನಗರದ ಸಂತ ಕ್ಯಾಥರೀನಳ ಮಠದ ವೃತ್ತಾಂತದಲ್ಲಿ ಅಲೆಸ್ಸಾಂದ್ರೊ ದೆಲ್ಲಾ ಸ್ಪೀನಾ ಎಂಬ ಇನ್ನೊಬ್ಬ ಸನ್ಯಾಸಿಯ ವಿಚಾರ ಬಂದಿದೆ. ಇವನು 1313ರಲ್ಲಿ ಮೃತನಾದನು. ಮೊದಲು ಕನ್ನಡಕವನ್ನು ಮಾಡಿದವನು ಆ ವಿದ್ಯೆಯನ್ನು ಪರರಿಗೆ ತಿಳಿಸಲೊಲ್ಲದೆ ಬಚ್ಚಿಟ್ಟಿರಲು, ಸ್ಪೀನಾ ಅದನ್ನು ನೋಡಿದ ಮಾತ್ರಕ್ಕೆ ತಾನೇ ಮಾಡಿ, ಪ್ರಸನ್ನಚಿತ್ತದಿಂದ ಎಲ್ಲರಿಗೂ ಹಂಚಿದನೆಂದು ಆ ವೃತ್ತಾಂತವು ಹೇಳುತ್ತದೆ. ವಿದ್ಯೆಯನ್ನು ಮುಚ್ಚಿಟ್ಟವನ ಹೆಸರು ಅಳಿದು ಹಂಚಿದವನ ಹೆಸರು ಉಳಿಯಿತು. ಮುಂದೆ ಕೆಲವರಿಗೆ ಇದು ಸಮಾಧಾನವಾಗಲಿಲ್ಲ. 1684ರಲ್ಲಿ ಲಿಯೊಪೊಲ್ದೊ ದೆಲ್ ಮಿಲ್ಯೋರೆ ಎಂಬ ಗ್ರಂಥಕರ್ತನು, 1317ರಲ್ಲಿ ಮೃತನಾದ ಸಾಲ್ವಿನೋ ಎಂಬ ಫ್ಲಾರೆನ್ಸಿನ ಗೃಹಸ್ಥನೇ ಕನ್ನಡಕದ ಕರ್ತೃವೆಂದು ಒಂದು ಸಮಾಧಿಲೇಖವನ್ನು ಮುಂದಿಟ್ಟನು. ಆ ಶಾಸನವು ಕೃತಕವೆಂದು 1920ರಲ್ಲಿ ದೆಲ್ ಲುಂಗೋ ಎಂಬ ಇಟಲಿಯ ವಿದ್ವಾಂಸನು ತೋರಿಸುವವರೆಗೆ ಸಾಲ್ವಿನೋವಿನ ಕೀರ್ತಿಯು ಪುಸ್ತಕದಿಂದ ಪುಸ್ತಕಕ್ಕೆ ಹರಿಯುತ್ತಲೇ ಇದ್ದಿತು. ಕೂಟಶಾಸನಗಳ ಬಾಧೆಯು ನಮ್ಮ ದೇಶಕ್ಕೆ ಮಾತ್ರ ಮೀಸಲಾದುದಲ್ಲವೆಂಬುದು ಇದರಿಂದ ವಾಚಕರಿಗೆ ವಿದಿತವಾದೀತು.

ಈ ಉಪಕರಣವು ಪೂರ್ವದೇಶಗಳಿಗೆ ಬಂದ ಬಗೆಯಲ್ಲಿ ಕರ್ಣಾಟಕಕ್ಕೂ ಒಂದು ಸ್ಥಾನವಿದೆ. ವಿಜಯನಗರದ ವ್ಯಾಸರಾಯರ ಚರಿತ್ರೆಯನ್ನು ಸೋಮನಾಥಕವಿಯು ವ್ಯಾಸಯೋಗಿಚರಿತವೆಂಬ ಸಂಸ್ಕೃತ ಚಂಪೂಕಾವ್ಯದಲ್ಲಿ ವರ್ಣಿಸಿರುವನು. ಅದರಲ್ಲಿ ಆ ಯತಿಗಳು ಕಣ್ಣಿಗೊಂದು ಸಾಧನವನ್ನಿಟ್ಟುಕೊಂಡು ಗ್ರಂಥಾವಲೋಕನ ಮಾಡುತ್ತಿದ್ದಂತೆ ಬಂದಿರುವ ವರ್ಣನೆಯು ಕನ್ನಡಕವನ್ನೇ ಕುರಿತದ್ದೆಂದು ಪುಣೆಯ ಭಾಂಡಾರಕರ ಸಂಸ್ಥೆಯ ಪರಶುರಾಮ ಕೃಷ್ಣ ಗೋಡೆಯವರು ನಿರ್ಣಯಿಸಿ, ಅದನ್ನು ಸುಮಾರು 1520ರ ಕಾಲಕ್ಕೆ ಸೇರಿಸಿದರು. ಅದು ಗೋವೆಯ ಪೋರ್ಚುಗೀಸರಿಂದ ಬಂದಿರಬೇಕೆಂಬುದು ಊಹೆಯಾದರೂ ಯುಕ್ತಿಗೆ ದೂರವಾದುದಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಲಿಂಗನಾಶವೆಂಬ ನೇತ್ರರೋಗಕ್ಕೆ ಶಸ್ತ್ರಕರ್ಮವನ್ನು ಅಷ್ಟು ವಿಸ್ತಾರವಾಗಿ ಹೇಳಿರುವ ದೇಶದಲ್ಲಿ, ಓದುವ ಕಣ್ಣಿಗೆ ಗಾಜಿನ ನೆರವು ಹೊರಗಿನಿಂದ ಬರಬೇಕಾಯಿತು.

ಗೋವೆಯಿಂದ ಹೊರಟ ಪಾದ್ರಿಗಳೇ ಕನ್ನಡಕವನ್ನು ಜಪಾನಿಗೂ ಒಯ್ದರು. 1551ರಲ್ಲಿ ಫ್ರಾನ್ಸಿಸ್ ಝೇವಿಯರನು ಯಾಮಾಗುಚಿಯ ಪ್ರಭುವಾದ ಓಉಚಿ ಯೋಶಿತಾಕನಿಗೆ ಒಪ್ಪಿಸಿದ ಕಾಣಿಕೆಗಳಲ್ಲಿ ಗಡಿಯಾರದೊಡನೆ ಕನ್ನಡಕವೂ ಇದ್ದಿತು. ಅನಂತರದ ಪಾದ್ರಿ ಕಬ್ರಾಲನು ತನ್ನ ಕುಂದಿದ ದೃಷ್ಟಿಗಾಗಿ ಕನ್ನಡಕ ಧರಿಸಿ ಗಿಫು ಪಟ್ಟಣಕ್ಕೆ ಹೋದಾಗ, ನಾಲ್ಕು ಕಣ್ಣಿನ ಮನುಷ್ಯನು ಬಂದನೆಂದು ಜನರು ತಂಡೋಪತಂಡವಾಗಿ ನೆರೆದರೆಂದು ಅವನ ಸಹೋದ್ಯೋಗಿಯಾದ ಫ್ರೋಯಿಸನು ಬರೆದಿದ್ದಾನೆ. ಇಲ್ಲಿ ಒಂದು ಅಂಶವನ್ನು ಗಮನಿಸತಕ್ಕದ್ದು. ಝೇವಿಯರನು ಕೊಟ್ಟ ಕನ್ನಡಕವು ಪ್ರಭುವಿನ ಅನುಗ್ರಹವನ್ನು ಸಂಪಾದಿಸಲು ಕೊಟ್ಟ ಅಪೂರ್ವವಸ್ತು. ಅದು ಆ ಪ್ರಭುವಿನ ಕಣ್ಣಿಗೆ ಒಪ್ಪುವುದೋ ಇಲ್ಲವೋ ಎಂಬ ಪ್ರಶ್ನೆಯೇ ಅಂದು ಹುಟ್ಟಲಿಲ್ಲ. ಅಳತೆಯಿಲ್ಲದ ಕೊಡುಗೆಗೂ ಅಳೆದು ಕೊಟ್ಟ ಕೊಡುಗೆಗೂ ಇರುವ ಈ ಅಂತರವೇ ಮುಂದಿನ ನಾಲ್ಕೂವರೆ ಶತಮಾನಗಳ ದೃಷ್ಟಿಸೇವೆಯ ಚರಿತ್ರೆಯಲ್ಲಿ ಮತ್ತೆಮತ್ತೆ ತಲೆಯೆತ್ತುವುದು.

ಅಳತೆಯ ಶಾಸ್ತ್ರವು ಬೆಳೆದುದು 19ನೆಯ ಶತಮಾನದಲ್ಲಿ. ಇಂಗ್ಲೆಂಡಿನ ಜ್ಯೋತಿರ್ವಿದನಾದ ಏರಿಯು 1820ರ ದಶಕದಲ್ಲಿ ತನ್ನ ಎಡಗಣ್ಣಿನ ವಕ್ರತೆಯು ಎಲ್ಲ ದಿಕ್ಕುಗಳಲ್ಲಿ ಸಮವಾಗಿಲ್ಲದಿರುವುದನ್ನು ತಾನೇ ಅಳೆದು, ಸ್ತಂಭಾಕಾರದ ಮಸೂರವನ್ನು ಮಾಡಿಸಿಕೊಂಡನು. ಹಾಲೆಂಡಿನ ಉಟ್ರೆಕ್ಟ್ ನಗರದಲ್ಲಿ ಸ್ನೆಲ್ಲೆನನು 1862ರಲ್ಲಿ ಅಕ್ಷರಗಳ ದೃಷ್ಟಿಫಲಕವನ್ನು ಪ್ರಕಟಿಸಿದನು. ಅಲ್ಲಿಯ ದೋಂಡರ್ಸನು 1864ರಲ್ಲಿ ಕಣ್ಣಿನ ವಕ್ರೀಭವನದೋಷಗಳನ್ನೆಲ್ಲ ವರ್ಗೀಕರಿಸಿ ಮಹಾಗ್ರಂಥವನ್ನು ಬರೆದನು. ಫ್ರಾನ್ಸಿನ ಮೊನೊಯೇ 1872ರಲ್ಲಿ ಸೂಚಿಸಿದ ಡಯಾಪ್ಟರೆಂಬ ಮಾನವು ಮಸೂರದ ಬಲಕ್ಕೆ ಒಂದು ಸಂಖ್ಯೆಯನ್ನು ಕೊಟ್ಟಿತು. ಸಂತೆಯಲ್ಲಿ ಒಂದೊಂದಾಗಿ ಕಣ್ಣಿಗಿಟ್ಟು ಆರಿಸಿಕೊಳ್ಳುವ ಸರಕಾಗಿದ್ದ ಕನ್ನಡಕವು ಆ ಮೇಲೆ ವೈದ್ಯದ ಅಂಗವಾಯಿತು.

ಕ್ರೈಸ್ತ ಮಿಷನ್ನುಗಳ ನೇತ್ರಚಿಕಿತ್ಸೆಯಲ್ಲಿ ಸಿಂಧ್ ಪ್ರಾಂತದ ಶಿಕಾರಪುರದ ಶಿಬಿರಕ್ಕೆ ವಿಶೇಷ ಗೌರವವು ಸಲ್ಲತಕ್ಕದ್ದಾಗಿದೆ. ಹೆನ್ರಿ ಹಾಲೆಂಡ್ (1875–1965) ಎಂಬ ಆಂಗ್ಲ ವೈದ್ಯನು ಎಡಿನ್‌ಬರೋದಲ್ಲಿ ವ್ಯಾಸಂಗವನ್ನು ಮುಗಿಸಿ, ಚರ್ಚ್ ಮಿಷನರಿ ಸೊಸೈಟಿಯ ಪರವಾಗಿ 1900ರಲ್ಲಿ ಬಲೂಚಿಸ್ತಾನದ ಕ್ವೆಟ್ಟಾಕ್ಕೆ ಬಂದನು. ಬಿಸಿಲು ಧೂಳುಗಳ ಆ ಸೀಮೆಯಲ್ಲಿ ಕಣ್ಣಿನ ಪೊರೆಯಿಂದ ಕುರುಡರಾದವರು ಅಸಂಖ್ಯರು. 1910ರ ಆಸುಪಾಸಿನಲ್ಲಿ ಶಿಕಾರಪುರದ ಸೇಠ್ ಹೀರಾನಂದನೆಂಬ ಹಿಂದೂ ಸಾಹುಕಾರನು, ತನ್ನೂರಿಗೆ ಬಂದು ಚಿಕಿತ್ಸೆ ಮಾಡುವುದಾದರೆ ವೆಚ್ಚವನ್ನು ತಾನು ವಹಿಸುವೆನೆಂದು ಹಾಲೆಂಡನನ್ನು ಪ್ರಾರ್ಥಿಸಿದನು. ರೋಗಿಗಳಿಗೆ ಕ್ರೈಸ್ತಧರ್ಮವನ್ನು ಬೋಧಿಸಲು ತನಗೆ ಅಡ್ಡಿಯಿರಬಾರದೆಂದು ಹಾಲೆಂಡನು ನಿಬಂಧನೆ ಹಾಕಿದನು, ಸೇಠನು ಒಪ್ಪಿದನು. ಬಳಿಕ ಪ್ರತಿವರ್ಷವೂ ಚಳಿಗಾಲದ ಕೆಲವು ವಾರಗಳು ಶಿಕಾರಪುರವು ನೇತ್ರರೋಗಿಗಳ ಜಾತ್ರೆಯಾಗಿ ಪರಿಣಮಿಸಿತು.

ಈ ಒಪ್ಪಂದವನ್ನು ಇಬ್ಬರ ದೃಷ್ಟಿಯಿಂದಲೂ ನೋಡಬೇಕು. ಹಾಲೆಂಡನು ತನ್ನ ಉದ್ದೇಶವನ್ನು ಮರೆಮಾಚಲಿಲ್ಲ; ವೈದ್ಯವನ್ನು ಬಲೆಯಾಗಿ ಬೀಸಿದನೆಂಬ ಆಕ್ಷೇಪಕ್ಕೆ ಅವನು ಮೊದಲೇ ಎಲ್ಲವನ್ನೂ ಬಾಯಿಬಿಟ್ಟು ಹೇಳಿದುದೇ ಉತ್ತರ. ಆದರೂ ಕುರುಡನಾಗಿ ಬಂದು ಬಾಗಿಲಲ್ಲಿ ಕುಳಿತವನು ಬೋಧೆಯನ್ನು ಕೇಳಲೊಲ್ಲೆನೆನ್ನುವಷ್ಟು ಸ್ವತಂತ್ರನಾಗಿರುವನೇ ಎಂಬ ಪ್ರಶ್ನೆಯು ಅಷ್ಟರಿಂದ ತೀರುವುದಿಲ್ಲ. ಸೇಠನಾದರೋ ಪರಧರ್ಮದ ಬೋಧೆಗಿಂತ ಸ್ವಜನರ ಕುರುಡುತನವನ್ನೇ ದೊಡ್ಡ ಅನರ್ಥವೆಂದು ಎಣಿಸಿದನು. ಮಿಷನ್ನಿನ ಹೆಸರಿನಲ್ಲಿ ನಡೆದ ಈ ಶಿಬಿರವು ಒಬ್ಬ ಹಿಂದೂವಿನ ಹಣದಿಂದ ನಿಂತುದನ್ನು ಚರಿತ್ರಕಾರರು ಮರೆಯುವುದು ನ್ಯಾಯವಲ್ಲ.

ಶಿಕಾರಪುರಕ್ಕೆ ಇಂಗ್ಲೆಂಡ್, ಅಮೇರಿಕಾ ಮುಂತಾದ ದೇಶಗಳಿಂದ ಶಸ್ತ್ರವೈದ್ಯರು ಸ್ವಂತ ಖರ್ಚಿನಿಂದ ಬಂದು ಕೆಲವು ವಾರ ದುಡಿದು ಹೋಗುತ್ತಿದ್ದರು. ತಮ್ಮ ದೇಶದಲ್ಲಿ ವರ್ಷವೆಲ್ಲ ಕಾದರೂ ಸಿಕ್ಕದಷ್ಟು ಪೊರೆಯ ಶಸ್ತ್ರಕರ್ಮಗಳು ಅಲ್ಲಿ ಕೆಲವೇ ದಿನಗಳಲ್ಲಿ ಕೈಗೆ ಬರುತ್ತಿದ್ದುವು. ಹೀಗೆ ಕೊಡಲು ಬಂದವರು ಪಡೆದುಕೊಂಡೂ ಹೋದರು. ಪರದೇಶಕ್ಕೆ ಹೋಗಿ ರಜೆಯ ಕಾಲವನ್ನು ನೇತ್ರಸೇವೆಗೆ ವಿನಿಯೋಗಿಸುವ ಸ್ವಯಂಸೇವಕ ಪದ್ಧತಿಯ ಒಂದು ಮಾದರಿಯು ಇಲ್ಲಿ ಕಾಣುತ್ತದೆ. 1935ನೆಯ ಮೇ 31ರ ಕ್ವೆಟ್ಟಾ ಭೂಕಂಪದಲ್ಲಿ ಅಲ್ಲಿಯ ಮಿಷನ್ ಆಸ್ಪತ್ರೆಯು ನೆಲಸಮವಾಯಿತು. ಅವಶೇಷಗಳಡಿಯಲ್ಲಿ ಸಿಕ್ಕಿದ್ದ ಹಾಲೆಂಡನನ್ನು ಅವನ ಮಗನೇ ಹೊರತೆಗೆದನು. ಆಸ್ಪತ್ರೆಯನ್ನು ಮತ್ತೆ ಕಟ್ಟಲಾಯಿತು. 1960ರಲ್ಲಿ ಹಾಲೆಂಡನಿಗೂ ಅವನ ಮಗನಾದ ರೊನಾಲ್ಡನಿಗೂ ಮ್ಯಾಗ್ಸೇಸೆ ಪ್ರಶಸ್ತಿಯು ಒಟ್ಟಿಗೆ ದೊರೆಯಿತು.

ಶಸ್ತ್ರಕರ್ಮಕ್ಕೂ ಕನ್ನಡಕಕ್ಕೂ ಇದ್ದ ಸಂಬಂಧವನ್ನು ಇಲ್ಲಿಯೇ ಹೇಳುವುದು ಉಚಿತ. ಪೊರೆಗಟ್ಟಿದ ಸಹಜಮಸೂರವನ್ನು ತೆಗೆದ ಮೇಲೆ ಕಣ್ಣಿಗೆ ಬೆಳಕು ಬರುವುದೇ ಹೊರತು ಸ್ಪಷ್ಟರೂಪವು ಕಾಣದು. ಸುಮಾರು ಹತ್ತು ಡಯಾಪ್ಟರಿನ ದಪ್ಪ ಗಾಜು ಬೇಕಾಗುತ್ತಿದ್ದಿತು. ಅದು ಒಡೆದರೆ ಅಥವಾ ಕಳೆದರೆ ಕಣ್ಣು ಪಡೆದವನು ಮತ್ತೆ ಅರೆಕುರುಡನಾದಂತೆಯೇ ಸರಿ. ಲಂಡನಿನಲ್ಲಿ 1949ರ ನವೆಂಬರ್ 29ರಂದು ಹೆರಾಲ್ಡ್ ರಿಡ್ಲಿಯು ಕಣ್ಣಿನೊಳಗೇ ಕೃತಕಮಸೂರವನ್ನು ಇಟ್ಟನು. ಆದರೆ ಅದು ಬಡವರ ಪಾಲಿಗೆ ಬರುವುದಕ್ಕೆ ಬಹುಕಾಲ ಹಿಡಿಯಿತು. ಮಧುರೆಯಲ್ಲಿ 1976ರಲ್ಲಿ ವೆಂಕಟಸ್ವಾಮಿಯವರು 11 ಹಾಸಿಗೆಗಳೊಡನೆ ಆರಂಭಿಸಿದ ಅರವಿಂದ ನೇತ್ರಾಲಯದವರು 1992ರಲ್ಲಿ ಅದನ್ನು ತಾವೇ ತಯಾರಿಸಲು ತೊಡಗಿದುದು ಈ ಚರಿತ್ರೆಯ ದೊಡ್ಡ ತಿರುವು.

ಇತ್ತ ಅಮೇರಿಕಾದಲ್ಲಿ ಉಪಯೋಗಿಸಿ ಬಿಟ್ಟ ಕನ್ನಡಕಗಳನ್ನು ಕೂಡಿಸಿ ಬಡವರಿಗೆ ಕೊಡುವ ಪದ್ಧತಿಯು ಬಲಗೊಂಡಿತು. ಮಹಾ ಆರ್ಥಿಕ ಮುಗ್ಗಟ್ಟಿನ ನಡುವೆ 1932ರಲ್ಲಿ ನ್ಯೂಜರ್ಸಿಯ ಜೂಲಿಯಾ ಲಾರೆನ್ಸ್ ಟೆರಿ ಎಂಬ ಮಹಿಳೆಯು ಇದಕ್ಕಾಗಿ ಒಂದು ಸಂಸ್ಥೆಯನ್ನು ಸ್ಥಾಪಿಸಿದಳು. ಹಳೆಯ ಚೌಕಟ್ಟುಗಳ ಚಿನ್ನವನ್ನು ಕರಗಿಸಿ, ಬಂದ ಹಣದಿಂದ ಹೊಸ ಕನ್ನಡಕಗಳನ್ನು ಕೊಡಿಸಿದುದು ಅವಳ ಜಾಣ್ಮೆ. 1970ರ ದಶಕದ ಆದಿಯಲ್ಲಿ ಕ್ಯಾನ್ಸಾಸ್ ಪ್ರಾಂತದ ಫ್ರಾಂಕ್ಲಿನ್ ಹಾರ್ಮ್ಸ್ ಎಂಬ ದೃಷ್ಟಿಪರೀಕ್ಷಕನು ತನ್ನ ವೃತ್ತಿಬಾಂಧವರನ್ನು ಕೂಡಿಸಿ, ವೋಶ್ ಎಂಬ ಸಂಕ್ಷಿಪ್ತನಾಮದಿಂದ ಪ್ರಸಿದ್ಧವಾದ ಸ್ವಯಂಸೇವಕ ಸಂಘವನ್ನು ಹುಟ್ಟುಹಾಕಿದನು. ಇಗರ್ಜಿಗಳ ಕಡೆಯಿಂದಲೂ ಇಂತಹ ತಂಡಗಳು ಮಧ್ಯ ಅಮೇರಿಕಾ, ಆಫ್ರಿಕಾ ಮುಂತಾದೆಡೆಗಳಿಗೆ ಹೊರಟುವು.

ಇಂತಹ ಶಿಬಿರದ ಕ್ರಮವು ಹೀಗಿರುವುದು. ಶಾಲೆಯನ್ನೋ ಇಗರ್ಜಿಯ ಪಡಸಾಲೆಯನ್ನೋ ಹಿಡಿದು, ಇಪ್ಪತ್ತಡಿ ದೂರದಲ್ಲಿ ಫಲಕವನ್ನು ತೂಗುಹಾಕುವರು. ಓದುಬಾರದವರಿಗೆ ಮೂರು ಕಾಲಿನ ಒಂದೇ ಚಿಹ್ನೆಯನ್ನು ನಾಲ್ಕು ದಿಕ್ಕಿಗೂ ತಿರುಗಿಸಿ ಬರೆದಿರುವುದು. ಕಾಲುಗಳು ಯಾವ ಕಡೆಗಿವೆಯೋ ಆ ಕಡೆಗೆ ಅವರು ಕೈ ತೋರಿಸಬೇಕು. ಆ ಮೇಲೆ ಪರೀಕ್ಷಕನು ರೆಟಿನೋಸ್ಕೋಪೆಂಬ ಸಲಕರಣೆಯಿಂದ ಪಾಪೆಯೊಳಕ್ಕೆ ಬೆಳಕಿನ ಗೆರೆಯನ್ನು ಹಾಯಿಸಿ ಆಡಿಸುವನು. ಒಳಗಿನಿಂದ ಹಿಂದಿರುಗುವ ಹೊಳಪು ಗೆರೆಯೊಡನೆಯೇ ಸರಿಯುವುದೋ, ಎದುರಾಗಿ ಸರಿಯುವುದೋ ಎಂಬುದನ್ನು ನೋಡುತ್ತ, ಅದು ನಿಶ್ಚಲವಾಗುವವರೆಗೆ ಮಸೂರಗಳನ್ನು ಬದಲಾಯಿಸುವನು. ರೋಗಿಯ ಭಾಷೆಯ ಒಂದು ಪದವೂ ತಿಳಿಯದೆ ಅವನ ಕಣ್ಣಿನ ಸಂಖ್ಯೆಯನ್ನು ಅರಿಯಬಲ್ಲ ಈ ವಿದ್ಯೆಯಿಲ್ಲದಿದ್ದರೆ ಪರದೇಶದ ಶಿಬಿರಗಳು ಸಾಧ್ಯವೇ ಆಗುತ್ತಿರಲಿಲ್ಲ. ಕಡೆಗೆ, ಸಂಖ್ಯೆ ಬರೆದು ಚೀಲಗಳಲ್ಲಿಟ್ಟ ಹಳೆಯ ಕನ್ನಡಕಗಳಲ್ಲಿ ಹತ್ತಿರ ಹತ್ತಿರ ಹೊಂದುವುದನ್ನು ಹುಡುಕಿ ಕೊಡುವರು.

ತೊಡಕು ಈ 'ಹತ್ತಿರ ಹತ್ತಿರ' ಎಂಬುದರಲ್ಲಿಯೇ ಇದೆ. ಒಬ್ಬನಿಗಾಗಿ ತಿದ್ದಿದ ಗಾಜಿನಲ್ಲಿ ಅವನ ಎರಡು ಕಣ್ಣುಗಳ ಬೇರೆ ಬೇರೆ ಬಲ, ಅವುಗಳ ನಡುವಣ ಅಂತರ, ಏರಿಯು ಕಂಡುಹಿಡಿದಂತಹ ವಕ್ರತೆಯ ದಿಕ್ಕು ಇವೆಲ್ಲ ಅಡಕವಾಗಿರುತ್ತವೆ. ಇವೆಲ್ಲವೂ ಹೊಂದುವ ಇನ್ನೊಬ್ಬನನ್ನು ಲಕ್ಷಾಂತರ ಜನರಲ್ಲಿ ಹುಡುಕಬೇಕು. 2012ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ದಾನವಾಗಿ ಬಂದ 275 ಕನ್ನಡಕಗಳನ್ನು ಪರಿಶೀಲಿಸಲಾಗಿ ನೂರಕ್ಕೆ 7 ಮಾತ್ರವೇ ಉಪಯೋಗಕ್ಕೆ ಯೋಗ್ಯವೆಂದು ಕಂಡುಬಂದಿತು. ಆರಿಸುವ, ತೊಳೆಯುವ, ಅಳೆಯುವ, ಸಾಗಿಸುವ ಖರ್ಚುಗಳನ್ನು ಕೂಡಿದರೆ ಅವು ಹೊಸ ಸಿದ್ಧ ಕನ್ನಡಕಗಳಿಗಿಂತ ದುಬಾರಿಯಾದುವು. ಅಂಧತ್ವನಿವಾರಣೆಯ ಅಂತರರಾಷ್ಟ್ರೀಯ ಸಂಸ್ಥೆಯೂ ಹಳೆಯ ಕನ್ನಡಕಗಳನ್ನು ಬಳಸಬಾರದೆಂದು ಸಲಹೆ ಮಾಡಿತು. ದೇಶ, ಕಾಲ, ಪಾತ್ರಗಳನ್ನು ನೋಡಿ ದಾನ ಮಾಡಬೇಕೆಂದು ಧರ್ಮಶಾಸ್ತ್ರಜ್ಞರು ಹೇಳುವರು. ಕನ್ನಡಕದ ವಿಷಯದಲ್ಲಿ ಪಾತ್ರವೆಂದರೆ ಅಳೆದ ಕಣ್ಣು. ಇನ್ನೊಂದು ಅಪಾಯವೂ ಉಂಟು: ಗ್ಲಾಕೋಮಾದಂತಹ ಸದ್ದಿಲ್ಲದ ರೋಗವಿರುವವನು ಕನ್ನಡಕವನ್ನು ಪಡೆದು ನಿಶ್ಚಿಂತನಾಗಿ ಮನೆಗೆ ಹೋದರೆ, ತಂಡವು ಮತ್ತೆ ಬರುವುದರೊಳಗೆ ಅವನ ದೃಷ್ಟಿಯು ಕುಗ್ಗಿಹೋಗಬಹುದು.

ಆದರೂ ಈ ಸೇವೆಯನ್ನೇ ನಿರರ್ಥಕವೆಂದು ತಳ್ಳಿಬಿಡುವುದು ಅವಿಚಾರ. ನಲವತ್ತು ದಾಟಿದವರಿಗೆ ಬರುವ ಚಾಳೀಸಿಗೆ ಸಾಮಾನ್ಯವಾಗಿ ಸರಳವಾದ ಗಾಜೇ ಸಾಕು. ಅಸ್ಸಾಮಿನ ಚಹಾತೋಟದಲ್ಲಿ ಎಲೆ ಬಿಡಿಸುವ, ನಲವತ್ತು ಮೀರಿದ 751 ಮಂದಿ ಕೂಲಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲವು 2018ರಲ್ಲಿ ಪ್ರಕಟವಾಯಿತು: ಸಮೀಪದೃಷ್ಟಿಯ ಕನ್ನಡಕವನ್ನು ಪಡೆದವರ ದುಡಿಮೆಯು ಪಡೆಯದವರಿಗಿಂತ ನೂರಕ್ಕೆ 21.7ರಷ್ಟು ಹೆಚ್ಚಿತು. ಬೆಲೆಯಲ್ಲಿ ಅಲ್ಪವಾದ ಆ ವಸ್ತುವಿನಿಂದ ಕೂಲಿಯವನ ಅನ್ನವೇ ಹೆಚ್ಚುವುದಾದರೆ, ಅದನ್ನು ತಲಪಿಸಲು ಸಮುದ್ರ ದಾಟಿ ಬಂದವರನ್ನು ಹಳಿಯುವುದು ಹೇಗೆ? ಹತ್ತಿರದ ನೋಟಕ್ಕೆ ಬೇಕಾದ ಕನ್ನಡಕವಿಲ್ಲದವರು ಲೋಕದಲ್ಲಿ 82 ಕೋಟಿಗೂ ಮಿಕ್ಕಿ ಇರುವರೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಲೆಕ್ಕ ಹಾಕಿತು. ಇಷ್ಟು ಜನರಿಗೆ ರಜೆಯ ತಂಡಗಳು ಸಾಲವೆಂಬುದಂತೂ ಸ್ಪಷ್ಟ.

ಸ್ವಯಂಸೇವಕರಲ್ಲಿಯೇ ವಿಚಾರವಂತರು ಇದನ್ನು ಕಂಡುಕೊಂಡರು. ವೋಶ್ ಸಂಘವು ಕನ್ನಡಕಗಳೊಡನೆ ವಿದ್ಯೆಯನ್ನೂ ಕೊಡಲು ತೊಡಗಿ, ನಿಕರಾಗುವಾ ದೇಶದಲ್ಲಿ ದೃಷ್ಟಿಪರೀಕ್ಷೆಯ ಶಿಕ್ಷಣಕ್ಕೆ ಅಧ್ಯಾಪಕರನ್ನು ಒದಗಿಸಿತು. ವರ್ಷವರ್ಷವೂ ಪರದೇಶದ ತಂಡಗಳು ಬಂದು ಹೋಗುತ್ತಿದ್ದ ಹೈಟಿ ದ್ವೀಪರಾಜ್ಯದಲ್ಲಿಯೂ ಈ ಸಂಘವು ಇತರ ಸಂಸ್ಥೆಗಳೊಡನೆ ಸೇರಿ ಶ್ರಮಿಸಿತು. ಅದರ ಫಲವಾಗಿ ಅಲ್ಲಿಯ ರಾಜ್ಯ ವಿಶ್ವವಿದ್ಯಾಲಯದಲ್ಲಿ 2018ರಲ್ಲಿ ದೃಷ್ಟಿಪರೀಕ್ಷಾಶಾಸ್ತ್ರದ ಮೊದಲ ವಿದ್ಯಾಶಾಲೆಯು ಆರಂಭವಾಗಿ, ಆ ದೇಶದ ತರುಣರೇ ಅದರ ಪ್ರಥಮ ವಿದ್ಯಾರ್ಥಿಗಳಾದರು.