ಅಕ್ಷರಕ್ಕೆ ಅಪ್ಪಣೆ ಕೊಡುವ ಬಗೆ

ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ದಪ್ಪಕ್ಷರ ಬೇಕಾದರೆ ಕಂಪಾಜಿಟರ್ ಪಕ್ಕದ ಕೇಸಿಗೆ ಕೈ ಹಾಕುತ್ತಿದ್ದ. ಕಂಪ್ಯೂಟರಿಗಾದರೆ ಬರೆದೇ ಹೇಳಬೇಕು. ಹೇಗೆ ಬರೆದು ಹೇಳುವುದು ಎಂಬುದಕ್ಕೆ ಐವತ್ತು ವರ್ಷಗಳಲ್ಲಿ ಬಂದ ಉತ್ತರಗಳನ್ನು ಸಾಲಾಗಿಟ್ಟು ನೋಡಿದರೆ ಒಂದೇ ಜಗಳ ಮತ್ತೆ ಮತ್ತೆ ಎದುರಾಗುತ್ತದೆ: ಬರೆಯುವವರು ಫಾಂಟಿನ ಒಳಗುಟ್ಟು ತಿಳಿದಿರಬೇಕೋ, ತಮಗೇನು ಬೇಕೆಂದು ಹೇಳಿದರೆ ಸಾಕೋ?

1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಜೋ ಒಸ್ಸಾನಾ ಬರೆದ ಅಕ್ಷರಜೋಡಣೆಯ ತಂತ್ರಾಂಶ ಟ್ರಾಫ್‌ನಲ್ಲಿ ಉತ್ತರ ಯಂತ್ರದ ಕಡೆಗಿತ್ತು. ಆಗಿನ ಫೋಟೊಟೈಪ್‌ಸೆಟ್ಟರಿನಲ್ಲಿ ಒಮ್ಮೆಗೆ ನಾಲ್ಕೇ ಫಾಂಟುಗಳಿಗೆ ಜಾಗ. ಹಾಗಾಗಿ ಒಂದಕ್ಷರದ ಗುರುತೋ, ಒಂದು ಅಂಕಿಯೋ ಆಜ್ಞೆಗೆ ಸಾಕಾಗುತ್ತಿತ್ತು. ಡೊನಾಲ್ಡ್ ಕನೂತ್ 1978ರಲ್ಲಿ ಹೊರತಂದ ಟೆಕ್‌ನಲ್ಲೂ ಫಾಂಟೆಂದರೆ ಒಂದು ಕಡತ. ಕಡತಕ್ಕೊಂದು ಅಡ್ಡಹೆಸರಿಟ್ಟು, ಬೇಕಾದಾಗ ಆ ಹೆಸರು ಹಿಡಿದು ಕರೆಯುವುದು ಅಲ್ಲಿನ ಕ್ರಮ.

ಈ ಕ್ರಮದ ಇಕ್ಕಟ್ಟು, ಟೆಕ್ ಮೇಲೆ ಕಟ್ಟಿದ ಲೆಸ್ಲಿ ಲ್ಯಾಂಪೋರ್ಟರ ಲೇಟೆಕ್‌ನಲ್ಲಿ ಬಯಲಾಯಿತು. ಹಳೆಯ ಲೇಟೆಕ್‌ನಲ್ಲಿ ಬೋಲ್ಡ್ ಎಂದು ಹೇಳಿ, ಹಿಂದೆಯೇ ಇಟಾಲಿಕ್ ಎಂದರೆ ದಪ್ಪ ಇಟಾಲಿಕ್ ಬರುತ್ತಿರಲಿಲ್ಲ. ಕೊನೆಯ ಮಾತೊಂದೇ ನಡೆಯುತ್ತಿತ್ತು. ಗಾತ್ರ ಹಿಗ್ಗಿಸಿದರೆ ದಪ್ಪವೂ ಹೋಗಿ ಅಕ್ಷರ ಸಾದಾ ಆಗುತ್ತಿತ್ತು. 1989ರಲ್ಲಿ ಫ್ರಾಂಕ್ ಮಿಟ್ಟೆಲ್‌ಬಾಕ್ ಮತ್ತು ರೈನರ್ ಶೋಪ್ಫ್ ಇದಕ್ಕೆ ಕೊಟ್ಟ ಪರಿಹಾರವೇ ಈ ಕ್ಷೇತ್ರದ ಮೊದಲ ದೊಡ್ಡ ಜಿಗಿತ. ಫಾಂಟಿನ ಗುಣಗಳನ್ನು ಅವರು ಕುಟುಂಬ, ದಪ್ಪ, ಆಕಾರ, ಗಾತ್ರ ಎಂದು ನಾಲ್ಕಾಗಿ ಬಿಡಿಸಿದರು. ಒಂದನ್ನು ಬದಲಿಸಿದರೆ ಉಳಿದವು ಇದ್ದಲ್ಲೇ ಇರುತ್ತವೆ. 1994ರ ಹೊಸ ಲೇಟೆಕ್, ಎನ್‌ಕೋಡಿಂಗ್ ಎಂಬ ಐದನೆಯ ಗುಣವೂ ಸೇರಿದ ಇದೇ ಏರ್ಪಾಡನ್ನು ತಳಹದಿಯಾಗಿಸಿಕೊಂಡಿತು.

ಆದರೆ ಐದು ಖಾನೆಗಳಲ್ಲಿ ಕೂರದ ಗುಣಗಳೂ ಇದ್ದವು. ಸಾಲಿನಿಂದ ಮೇಲೇರುವ, ಕೆಳಗಿಳಿಯುವ ಹಳೆಯ ಶೈಲಿಯ ಅಂಕಿಗಳು ಬೇಕೆಂದರೆ ಬೇರೆಯದೇ ಕುಟುಂಬದ ಹೆಸರು ಹೇಳಬೇಕಿತ್ತು. ಕಡತದ ಹೆಸರು ಎಂಟಕ್ಷರ ಮೀರದ ಆ ದಿನಗಳಲ್ಲಿ ಹೆಸರಿನ ಕೊನೆಯ ಒಂದಕ್ಷರವೇ ಗುಣದ ಸಂಕೇತ. ಬಲ್ಲವರಿಗಷ್ಟೇ ಗೊತ್ತಾಗುವ ಭಾಷೆ ಅದು.

1996ರಲ್ಲಿ ಮೈಕ್ರೋಸಾಫ್ಟ್ ಮತ್ತು ಅಡೋಬಿ ಓಪನ್‌ಟೈಪ್ ಎಂಬ ಫಾಂಟ್ ಕಡತದ ಮಾದರಿಯನ್ನು ಘೋಷಿಸಿದ ಮೇಲೆ ಇಂಥ ಗುಣಗಳೆಲ್ಲ ಒಂದೇ ಕಡತದೊಳಗೆ ಸೇರಿದವು. ಪ್ರತಿಯೊಂದಕ್ಕೂ ರೋಮನ್ ಅಕ್ಷರ, ಅಂಕಿಗಳಿಂದಾದ ನಾಲ್ಕು ಚಿಹ್ನೆಗಳ ಚೀಟಿ. 2004ರಲ್ಲಿ ಜೊನಾಥನ್ ಕ್ಯೂ ಹೊರತಂದ, ಟೆಕ್‌ನ ಹೊಸ ರೂಪವಾದ ಝೀಟೆಕ್ ಆ ಚೀಟಿಗಳಿಗೆ ನೇರವಾಗಿ ಬಾಗಿಲು ತೆರೆಯಿತು: ಫಾಂಟಿನ ಹೆಸರು, ಅದರ ಮುಂದೆ ಕೋಲನ್, ಬೇಕಾದ ಗುಣಕ್ಕೆ ಕೂಡು ಗುರುತು, ಬೇಡದ್ದಕ್ಕೆ ಕಳೆ ಗುರುತು. ಚುಟುಕೇನೋ ಹೌದು, ಆದರೆ ಓದಿದರೆ ಅರ್ಥವಾಗದು. ಆಪಲ್‌ನ ಫಾಂಟುಗಳಿಗಂತೂ ಬೇರೆಯೇ ಹೆಸರುಗಳು.

ಲೇಟೆಕ್‌ಗಾಗಿ ವಿಲ್ ರಾಬರ್ಟ್‌ಸನ್ ಬರೆದ ಫಾಂಟ್‌ಸ್ಪೆಕ್ ಪ್ಯಾಕೇಜ್ ಈ ಎರಡು ಬಗೆಯ ಹೆಸರುಗಳ ಮೇಲೂ ಒಂದು ಪದರ ಹಾಸಿತು. ‘ಅಂಕಿಗಳು: ಹಳೆಯ ಶೈಲಿ’ ಎಂಬ ಅರ್ಥದ ಮಾತನ್ನು ಬರೆದರೆ, ಅದನ್ನು ಓಪನ್‌ಟೈಪ್‌ನ ಚೀಟಿಯಾಗಿಯೋ ಆಪಲ್‌ನ ಹೆಸರಾಗಿಯೋ ಬದಲಿಸಿಕೊಳ್ಳುವುದು ಪ್ಯಾಕೇಜಿನ ಕೆಲಸ. ಕೇಳಿದ ಗುಣ ಫಾಂಟಿನಲ್ಲಿ ಇಲ್ಲದಿದ್ದರೆ ಎಚ್ಚರಿಕೆ ಬರುತ್ತದೆ. ಪಟ್ಟಿಯಲ್ಲಿಲ್ಲದ ಗುಣ ಬೇಕೆಂದರೆ ಕಚ್ಚಾ ಚೀಟಿಯನ್ನೇ ಕೊಡಲು ಹಿತ್ತಿಲ ಬಾಗಿಲೂ ಉಂಟು. ಟೆಕ್ ಮೇಲೆಯೇ ಕಟ್ಟಿದ ಹಾನ್ಸ್ ಹಾಗೆನ್‌ರ ಕಾನ್‌ಟೆಕ್ಸ್ಟ್ ಬೇರೆ ದಾರಿ ಹಿಡಿಯಿತು: ಗುಣಗಳನ್ನು ಗಂಟು ಕಟ್ಟಿ ಅದಕ್ಕೊಂದು ಹೆಸರಿಟ್ಟು, ಬೇಕಾದ ಫಾಂಟಿಗೆ ಆ ಗಂಟನ್ನು ತಗುಲಿಸುವುದು. ಇಡೀ ಪುಸ್ತಕಕ್ಕೆ ಒಂದೇ ನೇಮ ಬೇಕೆನ್ನುವವರಿಗೆ ಇದು ಹೇಳಿಮಾಡಿಸಿದ್ದು.

ವೆಬ್ ಕೂಡ ಇದೇ ಪಾಠ ಕಲಿತಿದೆ. ವೆಬ್ ಪುಟಗಳ ರೂಪವನ್ನು ಹೇಳುವ ಸಿಎಸ್‌ಎಸ್‌ನಲ್ಲಿ ಕಚ್ಚಾ ಚೀಟಿಗಳ ಸಾಲನ್ನು ಒಳಗಿನ ಭಾಗಕ್ಕೆ ಹೊಸದಾಗಿ ಬರೆದರೆ ಹೊರಗಿನಿಂದ ಬಂದ ಸಾಲು ಪೂರ್ತಿ ಅಳಿಸಿಹೋಗುತ್ತದೆ. ಹಳೆಯ ಲೇಟೆಕ್‌ನ ರೋಗ ಇಲ್ಲಿ ಮರುಕಳಿಸಿತು. ಅದಕ್ಕೇ 2018ರಲ್ಲಿ ಅಂತಿಮಗೊಂಡ ನಿಯಮಾವಳಿ, ಸಾಧ್ಯವಾದಲ್ಲೆಲ್ಲ ಅರ್ಥವಾಗುವ ಹೆಸರುಗಳನ್ನೇ ಬಳಸಿ ಎನ್ನುತ್ತದೆ. 2023ರಲ್ಲಿ ಸಾರ್ವಜನಿಕರ ಕೈಗೆ ಬಂದ ಟೈಪ್ಸ್ಟ್ ಎಂಬ ಅಕ್ಷರಜೋಡಣೆಯ ತಂತ್ರಾಂಶ ಎರಡನ್ನೂ ಇಟ್ಟುಕೊಂಡಿದೆ: ಅಂಕಿಯ ಶೈಲಿಯಂಥ ದಿನಬಳಕೆಯವಕ್ಕೆ ಹೆಸರು, ಅಪರೂಪದವಕ್ಕೆ ಚೀಟಿ.

ಕನ್ನಡದ ಮಟ್ಟಿಗೆ ಸಮಸ್ಯೆಯ ಸ್ವರೂಪವೇ ಬೇರೆ. ರೋಮನ್ ಲಿಪಿಯಲ್ಲಿ ಫಾಂಟಿನ ಗುಣ ಬಹುಮಟ್ಟಿಗೆ ಅಲಂಕಾರ. ನಮ್ಮಲ್ಲಿ ಅದು ಕಾಗುಣಿತ. ಒತ್ತಕ್ಷರ ಸರಿಯಾಗಿ ಕೂರುವುದು, ಅರ್ಕಾವೊತ್ತು ಅಕ್ಷರದ ಬಲಕ್ಕೆ ಸರಿಯುವುದು, ಎರಡೂ ಇದೇ ಓಪನ್‌ಟೈಪ್ ನಿಯಮಗಳಿಂದಲೇ ಆಗುತ್ತವೆ. ಫಾಂಟ್‌ಸ್ಪೆಕ್‌ನಲ್ಲಿ ಲಿಪಿ ಕನ್ನಡವೆಂದು ಹೇಳಲು ಮರೆತರೆ ‘ಅಕ್ಷರ’ ಎಂಬ ಪದವೇ ಮುರಿದು ಬೀಳಬಹುದು. ಇನ್ನು ‘ರ‍್ಯಾಂಕ್’ ಬರೆಯುವಾಗ ಅರ್ಕಾವೊತ್ತು ಬೇಡವೆಂದು ಹೇಳುವುದು ಆಜ್ಞೆಯಿಂದಲ್ಲ, ಪಠ್ಯದೊಳಗೇ ಅಡಗಿದ, ಕಣ್ಣಿಗೆ ಕಾಣದ ಜೋಡಣೆಯ ಸಂಕೇತದಿಂದ. ಆ ಆಯ್ಕೆ ಪದದ ಜೊತೆಗೇ ಸಾಗಬೇಕಾದ್ದರಿಂದ ಇದು ಸರಿಯಾದ ಏರ್ಪಾಡು.

ಇಷ್ಟು ದೂರ ಬಂದ ಮೇಲೆ ಒಂದು ತೀರ್ಪು ಕೊಡಬಹುದು. ಅಲಂಕಾರವನ್ನು ಅರ್ಥವಾಗುವ ಮಾತಿನಲ್ಲಿ ಕೇಳುವಂತಿರಬೇಕು, ಒಂದು ಅಪ್ಪಣೆ ಇನ್ನೊಂದನ್ನು ಅಳಿಸಬಾರದು, ಕಾಗುಣಿತವನ್ನಂತೂ ಕೇಳುವ ಪ್ರಮೇಯವೇ ಬರಬಾರದು. ಮೊದಲೆರಡು ಬಹುಪಾಲು ಕೈಗೂಡಿವೆ. ಮೂರನೆಯದಕ್ಕಾಗಿ ಲೇಟೆಕ್ ಬಳಸುವ ಕನ್ನಡದ ಬರಹಗಾರರು ಇಂದಿಗೂ ಕಡತದ ಮೊದಲಲ್ಲಿ ಒಂದು ಸಾಲು ಹೆಚ್ಚಿಗೆ ಬರೆಯುತ್ತಿದ್ದಾರೆ.